ಜೊತೆಗೆ ಯಾರೂ ಸಿಗ್ಲಿಲ್ವಾ? ನಾಟಕ, ಸಂಗೀತ ಕಚೇರಿ, ಯಕ್ಷಗಾನಕ್ಕೆಲ್ಲ ಒಬ್ರೇ ಹೋಗೋದು ಹೇಗೆ

ನಾಟಕ ನೋಡ್ಬೇಕು, ಒಂದು ಒಳ್ಳೇ ಕಚೇರಿ ಕೇಳ್ಬೇಕು ಅಂತ ಆಸೆ ಇರೋರು ತುಂಬಾ ಜನ ಇದಾರೆ, ಆದ್ರೆ ಅದ್ರಲ್ಲಿ ಎಷ್ಟೋ ಜನ ಹೋಗ್ದೇ ಉಳಿಯೋದು ಟಿಕೆಟ್ ಸಿಗ್ದೇ ಅಲ್ಲ, ದುಡ್ಡಿಲ್ದೇನೂ ಅಲ್ಲ. "ಶನಿವಾರ ನಾಟಕ ಇದೆ ಯಾರು ಬರ್ತೀರಾ" ಅಂತ ವಾಟ್ಸಾಪ್ ಗ್ರೂಪಲ್ಲಿ ಹಾಕಿ, ಇಬ್ರು ನೋಡ್ತೀನಿ ಅಂದು, ಒಬ್ರು ಹೆಬ್ಬೆಟ್ಟು ಒತ್ತಿ, ಕೊನೆಗೆ ಶನಿವಾರ ಮಧ್ಯಾಹ್ನ ಎಲ್ರೂ ಕೈಕೊಟ್ಟು, ಆಮೇಲೆ ನಮಗೂ ಹೋಗೋ ಮನಸ್ಸು ಹೋಗಿರುತ್ತೆ. ಸಿನಿಮಾ ಆದ್ರೆ ಪರವಾಗಿಲ್ಲ, ಮುಂದಿನ ವಾರ ಇರುತ್ತೆ ಇಲ್ಲಾಂದ್ರೆ ಓಟಿಟಿಗೆ ಬರುತ್ತೆ. ನಾಟಕ ಹಂಗಲ್ಲ, ನಮ್ಮ ಹವ್ಯಾಸಿ ತಂಡಗಳು ಕೆಲಸ ಮುಗಿಸ್ಕೊಂಡು ಬಂದು ರಾತ್ರಿ ಹೊತ್ತು ತಿಂಗಳುಗಟ್ಟಲೆ ರಿಹರ್ಸಲ್ ಮಾಡಿ ಎರಡೋ ಮೂರೋ ಪ್ರದರ್ಶನ ಕೊಟ್ಟು ಸುಮ್ನಾಗ್ಬಿಡ್ತವೆ, ಆ ಪಾತ್ರ ಮಾಡಿದ ಹುಡುಗಿಗೆ ಬೇರೆ ಊರಲ್ಲಿ ಕೆಲಸ ಸಿಕ್ತು ಅಂದ್ರೆ ಆ ಪ್ರಯೋಗವೇ ಮುಗೀತು. ಅದಕ್ಕೇ ನಾನು ಹೇಳೋದು, ಜೊತೆ ಸಿಕ್ರೆ ಹೋಗೋದು ಅನ್ನೋ ಷರತ್ತನ್ನ ತೆಗೆದುಹಾಕಿ. ಮೊದ್ಲು ಒಂದು ಟಿಕೆಟ್ ತಗೊಳ್ಳಿ, ಆಮೇಲೆ ಗ್ರೂಪಲ್ಲಿ ಹಾಕಿ, ಬರೋರು ಬರ್ಲಿ.

ಮೊದಲನೇ ಸಲ ಒಬ್ರೇ ಹೋಗೋರು ಬೆಂಗಳೂರಲ್ಲಿದ್ರೆ ನಾನು ಕಣ್ಮುಚ್ಚಿ ಹೇಳೋ ಜಾಗ ಜೆಪಿ ನಗರ ಎರಡನೇ ಫೇಸಿನ ರಂಗಶಂಕರ. ಶಂಕರ್ ನಾಗ್ ಅವರ ನೆನಪಲ್ಲಿ ಅರುಂಧತಿ ನಾಗ್ ಮತ್ತೆ ಗೆಳೆಯರು ಸೇರಿ ವರ್ಷಗಟ್ಟಲೆ ಕಷ್ಟಪಟ್ಟು ಕಟ್ಟಿಸಿ 2004ರಲ್ಲಿ ಶುರು ಮಾಡಿದ್ದು. ಸುಮಾರು 320 ಸೀಟು ಅಷ್ಟೇ, ಮೆಟ್ಟಿಲು ಮೆಟ್ಟಿಲಾಗಿ ಏರಿರೋದ್ರಿಂದ ಎಲ್ಲಿ ಕೂತ್ರೂ ರಂಗ ಪೂರ್ತಿ ಕಾಣುತ್ತೆ. ಸೋಮವಾರ ರಜ, ಉಳಿದ ದಿನ ಸಾಮಾನ್ಯವಾಗಿ ಸಂಜೆ 7:30ಕ್ಕೆ, ಭಾನುವಾರ ಮಧ್ಯಾಹ್ನ 3:30ಕ್ಕೂ ಒಂದು ಶೋ ಇರುತ್ತೆ. ಒಬ್ರೇ ಹೋಗೋರಿಗೆ ಇದು ಯಾಕೆ ಒಳ್ಳೇದು ಅಂದ್ರೆ ಇಲ್ಲಿ ಟೈಮ್ ಅಂದ್ರೆ ಟೈಮ್, 7:30 ಅಂದ್ರೆ 7:30ಕ್ಕೆ ಬಾಗಿಲು ಹಾಕ್ತಾರೆ, ಎಂಥಾ ದೊಡ್ಡ ಮನುಷ್ಯ ಬಂದ್ರೂ ಒಳಗೆ ಬಿಡಲ್ಲ. ಹಂಗಾಗಿ ನಾಟಕ ಎಷ್ಟೊತ್ತಿಗೆ ಶುರು, ಎಷ್ಟೊತ್ತಿಗೆ ಮುಗಿಯುತ್ತೆ, ಮನೆಗೆ ಎಷ್ಟೊತ್ತಿಗೆ ಹೋಗ್ಬಹುದು ಅಂತ ಮೊದಲೇ ಲೆಕ್ಕ ಹಾಕ್ಬಹುದು. ರಾತ್ರಿ ವಾಪಸ್ ಬರೋದೇ ನಿಮಗೆ ದೊಡ್ಡ ಚಿಂತೆ ಆಗಿದ್ರೆ ಭಾನುವಾರದ ಮಧ್ಯಾಹ್ನದ ಶೋಗೇ ಹೋಗಿ, ಮುಗಿಸ್ಕೊಂಡು ಹೊರಗೆ ಬಂದಾಗ ಇನ್ನೂ ಬೆಳಕಿರುತ್ತೆ.

ಟಿಕೆಟ್ ವಿಷಯಕ್ಕೆ ಬಂದ್ರೆ ಒಂಟಿ ಪ್ರೇಕ್ಷಕರಿಗೆ ದೊಡ್ಡ ಅನುಕೂಲ ಇದೆ. ಹೌಸ್‌ಫುಲ್ ಅಂತ ಬೋರ್ಡ್ ಬಿದ್ದ ಶೋಗೂ ಅರ್ಧ ಗಂಟೆ ಮುಂಚೆ ಹೋಗಿ ಕೌಂಟರ್ ಹತ್ರ ನಿಂತ್ಕೊಂಡು ಕೇಳಿ ನೋಡಿ, ನಾಲ್ಕು ಟಿಕೆಟ್ ತಗೊಂಡು ಮೂರು ಜನ ಬಂದಿರೋರು ಯಾರಾದ್ರೂ ಇದ್ದೇ ಇರ್ತಾರೆ, ಆ ಉಳಿದ ಒಂದು ನಿಮಗೆ. ಇಬ್ರು ಬಂದಿರೋರಿಗೆ ಆ ಒಂದರಿಂದ ಪ್ರಯೋಜನ ಇಲ್ಲ ನೋಡಿ. ಕನ್ನಡ ನಾಟಕಗಳಿಗೆ ಬಹಳಷ್ಟು ಕಡೆ ಸೀಟ್ ನಂಬರ್ ಇರಲ್ಲ, ಮೊದಲು ಬಂದೋರಿಗೆ ಮೊದಲು, ಅಲ್ಲೂ ಗುಂಪಾಗಿ ಬಂದೋರು ಐದು ಸೀಟು ಒಟ್ಟಿಗೆ ಹುಡುಕ್ತಾ ಮೇಲೆ ಕೆಳಗೆ ಓಡಾಡೋ ಹೊತ್ತಿಗೆ ನೀವು ಮಧ್ಯದ ಸಾಲಲ್ಲಿ ಉಳಿದಿರೋ ಆ ಒಂದು ಸೀಟಿಗೆ ಆರಾಮಾಗಿ ಹೋಗಿ ಕೂರ್ಬಹುದು. ನನ್ನ ಲೆಕ್ಕದಲ್ಲಿ ಮುಂದಿಂದ ನಾಲ್ಕರಿಂದ ಆರನೇ ಸಾಲು ಬೆಸ್ಟ್, ನಟರ ಕಣ್ಣೂ ಕಾಣುತ್ತೆ, ಇಡೀ ರಂಗದ ವಿನ್ಯಾಸಾನೂ ಕಾಣುತ್ತೆ. ನಡುವೆ ಎದ್ದು ಹೋಗ್ಬೇಕಾಗ್ಬಹುದು ಅಂತ ಅಳುಕಿದ್ರೆ ಮಾತ್ರ ಸಾಲಿನ ತುದಿ ಸೀಟು ಹಿಡೀರಿ.

ಇನ್ನು ಜೆಸಿ ರಸ್ತೆಯ ರವೀಂದ್ರ ಕಲಾಕ್ಷೇತ್ರ, ಅದರ ಹಿಂದಿನ ಸಂಸ ಬಯಲು ರಂಗಮಂದಿರ, ಪಕ್ಕದ ಕನ್ನಡ ಭವನದ ನಯನ ಸಭಾಂಗಣ, ಹನುಮಂತನಗರದ ಕೆ.ಎಚ್. ಕಲಾಸೌಧ, ಇಲ್ಲೆಲ್ಲ ವರ್ಷಪೂರ್ತಿ ಏನಾದ್ರೂ ಇದ್ದೇ ಇರುತ್ತೆ, ಎಷ್ಟೋ ಕಾರ್ಯಕ್ರಮಕ್ಕೆ ಪ್ರವೇಶ ಫ್ರೀ. ಆದ್ರೆ ಇಲ್ಲಿಗೆ ಹೋಗೋಕೆ ಮುಂಚೆ ಆಮಂತ್ರಣ ಪತ್ರಿಕೆನ ಸರಿಯಾಗಿ ಓದೋದು ಕಲೀಬೇಕು. ಮೇಲುಗಡೆ ದೊಡ್ಡದಾಗಿ ನಾಟಕದ ಹೆಸರು, ಸಂಜೆ 5:30 ಅಂತ ಇರುತ್ತೆ, ಕೆಳಗೆ ನೋಡಿದ್ರೆ ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಸನ್ಮಾನ ಅಂತ ಎಂಟು ಹತ್ತು ಹೆಸರು, ಎಲ್ಲಾ ಆದ್ಮೇಲೆ ಸಣ್ಣಕ್ಷರದಲ್ಲಿ "ನಂತರ ನಾಟಕ". ಗೆಳೆಯರ ಜೊತೆ ಹೋದ್ರೆ ಹರಟೆ ಹೊಡ್ಕೊಂಡು ಆ ಟೈಮ್ ಕಳೀಬಹುದು, ಒಬ್ರೇ ಹೋದಾಗ ಆ ಒಂದೂವರೆ ಗಂಟೆಯೇ ನಿಮ್ಮ ಉತ್ಸಾಹನ ಸಾಯಿಸಿಬಿಡುತ್ತೆ. ತಂಡದ ಪೇಜಲ್ಲಿ ಕೊಟ್ಟಿರೋ ನಂಬರಿಗೆ ಒಂದು ಮೆಸೇಜ್ ಹಾಕಿ "ನಾಟಕ ಎಷ್ಟೊತ್ತಿಗೆ ಶುರುವಾಗ್ಬಹುದು ಸರ್, ಅವಧಿ ಎಷ್ಟು" ಅಂತ ಕೇಳಿ. ಪ್ರೇಕ್ಷಕರು ಕೇಳ್ತಿದಾರೆ ಅಂದ್ರೆ ತಂಡದವರಿಗೆ ಖುಷಿಯೇ, ಬೇಗ ಉತ್ತರ ಕೊಡ್ತಾರೆ.

ನಿಜವಾಗ್ಲೂ ಕಷ್ಟ ಇರೋದು ಶೋ ನೋಡೋವಾಗ ಅಲ್ಲ, ಲೈಟ್ ಆರಿದ ಮೇಲೆ ಎಲ್ರೂ ಒಬ್ರೇ. ಕಷ್ಟ ಇರೋದು ಮುಂಚಿನ ಆ ಅರ್ಧ ಗಂಟೆಲಿ, ಎಲ್ರೂ ಗುಂಪು ಗುಂಪಾಗಿ ನಿಂತು ನಗ್ತಾ ಇರ್ತಾರೆ, ನಾವು ಕೈ ಎಲ್ಲಿಟ್ಕೋಬೇಕು ಅಂತಾನೂ ಗೊತ್ತಾಗ್ದೇ ಫೋನ್ ತೆಗೀತೀವಿ. ಇದಕ್ಕೆ ನಾನು ಕಂಡುಕೊಂಡಿರೋ ದಾರಿ ಏನಂದ್ರೆ ಆ ಅರ್ಧ ಗಂಟೆಗೆ ಒಂದು ಕೆಲಸ ಇಟ್ಕೊಳ್ಳೋದು, ಮುಖ್ಯವಾಗಿ ಊಟ. ಮನೇಲಿ ತಿಂದು ಹೋಗ್ಬೇಡಿ, ಅಲ್ಲೇ ಹೋಗಿ ತಿನ್ನಿ. ರಂಗಶಂಕರದ ಕೆಫೆಲಿ ಒಂದು ಪ್ಲೇಟ್ ಏನಾದ್ರೂ ತಗೊಂಡು, ಖಾಲಿ ಮೇಜು ಇಲ್ದಿದ್ರೆ "ಇಲ್ಲಿ ಕೂರ್ಬಹುದಾ" ಅಂತ ಕೇಳಿ ಯಾರ ಎದುರಾದ್ರೂ ಕೂತ್ಬಿಡಿ, ಅಲ್ಲಿ ಎಲ್ರೂ ಹಂಗೇ ಕೂರೋದು. ಕಲಾಕ್ಷೇತ್ರಕ್ಕೆ ಹೋಗೋದಾದ್ರೆ ದಾರಿಲೇ ಯಾವ್ದಾದ್ರೂ ದರ್ಶಿನಿಲಿ ನಿಂತ್ಕೊಂಡು ಇಡ್ಲಿ ವಡೆ ಕಾಫಿ, ದರ್ಶಿನಿಲಿ ಒಬ್ರೇ ತಿನ್ನೋರನ್ನ ಯಾರೂ ತಿರುಗಿಯೂ ನೋಡಲ್ಲ. ಆಮೇಲೆ ಬ್ರೋಷರ್ ಇಸ್ಕೊಂಡು ಪೂರ್ತಿ ಓದಿ, ಯಾರು ಬೆಳಕು, ಯಾರು ಸಂಗೀತ, ಯಾರು ಪ್ರಸಾಧನ ಅಂತ. ನಾಟಕ ನೋಡ್ತಾ ನೋಡ್ತಾ ಆ ಹೆಸರುಗಳ ಕೆಲಸ ಕಣ್ಣಿಗೆ ಬೀಳೋಕೆ ಶುರುವಾಗುತ್ತೆ, ಅದು ಪಕ್ಕದಲ್ಲಿ ಮಾತಾಡೋರಿದ್ದಾಗ ಆಗಲ್ಲ. ಮತ್ತೆ ಬಾತ್‌ರೂಮಿಗೆ ಹೋಗಿ ಬಂದ್ಬಿಡಿ, ಈಗಿನ ಎಷ್ಟೋ ನಾಟಕಗಳು ಒಂದೂವರೆ ಗಂಟೆ ವಿರಾಮ ಇಲ್ದೇ ಓಡ್ತವೆ.

ಪರಿಚಯದವರು ಯಾರಾದ್ರೂ ಸಿಕ್ಕಿ "ಅರೆ ಒಬ್ರೇ ಬಂದಿದೀರಾ" ಅಂತ ಕೇಳಿದ್ರೆ ಕೆಲಸ ಇತ್ತು, ಫ್ರೆಂಡ್ ಬರ್ಬೇಕಿತ್ತು ಅಂತೆಲ್ಲ ಕಾರಣ ಕಟ್ಟೋದು ಬೇಡ. "ಹೂಂ, ಒಬ್ರೇ" ಅಂದು ಸುಮ್ನಾಗಿ. ಅವರ ಮುಂದಿನ ಪ್ರಶ್ನೆ ನಾಟಕದ ಬಗ್ಗೇನೇ ಇರುತ್ತೆ.

ನಾಟಕ ಮುಗಿದ ಮೇಲೆ ತಕ್ಷಣ ಓಡ್ಬೇಡಿ. ನಮ್ಮಲ್ಲಿ ತಂಡಗಳು ಕೊನೇಲಿ ರಂಗದ ಮೇಲೆ ಸಾಲಾಗಿ ನಿಂತು ಎಲ್ರ ಪರಿಚಯ ಮಾಡ್ತಾರೆ, ಲೈಟ್ ಹಾಕಿದೋರನ್ನೂ ಕರೀತಾರೆ, ಅದು ಮುಗಿಯೋ ತನಕ ಕೂತು ಚಪ್ಪಾಳೆ ತಟ್ಟಿ. ಆಮೇಲೆ ಹೊರಗೆ ಹತ್ತು ನಿಮಿಷ ನಿಂತ್ರೆ ನಟರು ಮೇಕಪ್ ಅರ್ಧಂಬರ್ಧ ಒರೆಸ್ಕೊಂಡು ಬರ್ತಾರೆ, ಹೋಗಿ ಮಾತಾಡಿ. ಚೆನ್ನಾಗಿತ್ತು ಅಂತ ಅಷ್ಟೇ ಹೇಳಿದ್ರೆ ಥ್ಯಾಂಕ್ಸ್ ಅಂದು ಮುಗೀತು, ಅದರ ಬದಲು ನಿಮಗೆ ಹಿಡಿಸಿದ ಒಂದು ಜಾಗ ಹೇಳಿ, ಆ ಎರಡನೇ ದೃಶ್ಯದಲ್ಲಿ ನೀವು ಅಷ್ಟೊತ್ತು ಮಾತಾಡ್ದೇ ನಿಂತಿದ್ರಲ್ಲ ಅದು ಯಾಕೆ ಅಂತ ಕೇಳಿ ನೋಡಿ, ಕಾಲು ಗಂಟೆ ಮಾತಾಡ್ತಾರೆ. ಒಬ್ರೇ ಹೋಗೋರಿಗೆ ನಾಟಕದ ಸ್ನೇಹಿತರು ಸಿಗೋದು ಹಿಂಗೇ. ಅದೇ ಜಾಗಕ್ಕೆ ಆಗಾಗ ಹೋಗ್ತಿದ್ರೆ ಅದೇ ಮುಖಗಳು ಕಾಣಿಸ್ತವೆ, ಮೊದಲು ನಗು, ಆಮೇಲೆ "ಮೊನ್ನೇದು ನೋಡಿದ್ರಾ".

ಸಂಗೀತ ಕಚೇರಿ ಅಂತೂ ಒಬ್ರೇ ಹೋಗೋರಿಗೇ ಮಾಡಿಸಿದ ಹಂಗಿದೆ. ಚಾಮರಾಜಪೇಟೆಯ ಶ್ರೀರಾಮ ಸೇವಾ ಮಂಡಳಿ 1939ರಿಂದ ನಡೆಸ್ಕೊಂಡು ಬಂದಿರೋ ರಾಮನವಮಿ ಸಂಗೀತೋತ್ಸವ ಇದೆಯಲ್ಲ, ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದಲ್ಲಿ, ಅಲ್ಲಿ ಒಂದು ಸಂಜೆ ಹೋಗಿ ಸುತ್ತ ನೋಡಿ, ವಯಸ್ಸಾದೋರು ಒಬ್ಬೊಬ್ರೇ ಬಂದು ತೊಡೆ ಮೇಲೆ ತಾಳ ಹಾಕ್ಕೊಂಡು ಕೂತಿರ್ತಾರೆ. ಸಂಗೀತ ಗೊತ್ತಿಲ್ದಿದ್ರೆ ಅಂಥೋರ ಪಕ್ಕ ಹೋಗಿ ಕೂರಿ, ಅವರ ಕೈ ನೋಡ್ತಾ ಕೂತ್ರೆ ತಾಳ ತಾನಾಗೇ ತಿಳಿಯುತ್ತೆ, ಎರಡು ಹಾಡಿನ ಮಧ್ಯೆ ಮೆಲ್ಲಗೆ "ಇದು ಯಾವ ರಾಗ ಸರ್" ಅಂತ ಕೇಳಿದ್ರೆ ರಾಗದ ಜೊತೆ ಇನ್ಯಾರು ಇದನ್ನ ಚೆನ್ನಾಗಿ ಹಾಡ್ತಿದ್ರು ಅನ್ನೋದನ್ನೂ ಹೇಳ್ತಾರೆ. ಎದ್ದು ಹೋಗೋದಿದ್ರೆ ಹಾಡು ಮುಗಿದಾಗ ಏಳಿ. ತನಿ ಆವರ್ತನಕ್ಕೆ, ಅಂದ್ರೆ ಹಾಡು ನಿಲ್ಲಿಸಿ ಬರೀ ಮೃದಂಗದಂಥ ತಾಳವಾದ್ಯ ನುಡಿಸೋ ಹೊತ್ತಿಗೆ, ಎಲ್ರೂ ಕಾಫಿಗೆ ಎದ್ದು ಹೋಗೋ ಕೆಟ್ಟ ಅಭ್ಯಾಸ ನಮ್ಮಲ್ಲಿದೆ, ನಿಮ್ಮನ್ನ ಕೈ ಹಿಡಿದು ಎಳೆಯೋರು ಯಾರೂ ಇಲ್ವಲ್ಲ, ನೀವು ಕೂತ್ಕೊಳ್ಳಿ, ಮೃದಂಗದೋರು ಇಡೀ ಸಂಜೆ ಕಾದಿರೋದು ಆ ಹತ್ತು ಹದಿನೈದು ನಿಮಿಷಕ್ಕೆ. ಕೆ.ಆರ್. ರಸ್ತೆಯ ಗಾಯನ ಸಮಾಜಕ್ಕೆ ಹೋದ್ರೆ ಇನ್ನೊಂದು ಅನುಕೂಲ, ಮುಗಿಸ್ಕೊಂಡು ವಿವಿ ಪುರಂ ತಿಂಡಿ ಬೀದಿಗೆ ನಡ್ಕೊಂಡೇ ಹೋಗ್ಬಹುದು.

ಈಗ ನನಗೆ ತುಂಬಾ ಇಷ್ಟದ ವಿಷಯ, ಯಕ್ಷಗಾನ, ಕರಾವಳಿಲಿ ಆಟ ಅಂದ್ರೆ ಇದೇ. ರಾತ್ರಿ ಇಡೀ ನಡೆಯೋ ಆಟಕ್ಕೆ ಒಬ್ರೇ ಹೋಗೋದಾ ಅಂತ ಹೆದರ್ತಾರೆ, ಆದ್ರೆ ಯೋಚನೆ ಮಾಡಿ ನೋಡಿ, ವಾಪಸ್ ಬರೋ ದೃಷ್ಟಿಯಿಂದ ಬೆಳಗಿನ ತನಕದ ಆಟವೇ ಸುಲಭ. ಹತ್ತೂವರೆಗೆ ಮುಗಿಯೋ ನಾಟಕ ನಿಮ್ಮನ್ನ ಖಾಲಿ ರಸ್ತೆಗೆ ಬಿಡುತ್ತೆ, ಬೆಳಗ್ಗೆ ಮುಗಿಯೋ ಆಟ ಹಾಲಿನವರು, ಪೇಪರಿನವರು, ಮೊದಲನೇ ಬಸ್ಸು ಓಡಾಡೋ ಹೊತ್ತಿಗೆ ಬಿಡುತ್ತೆ. ಮಳೆಗಾಲದಲ್ಲಿ ಕರಾವಳಿಯ ಮೇಳಗಳ, ಅಂದ್ರೆ ಯಕ್ಷಗಾನ ತಂಡಗಳ, ಕಲಾವಿದರು ಬೆಂಗಳೂರಿಗೆ ಬರ್ತಾರೆ, ಕಲಾಕ್ಷೇತ್ರದಲ್ಲೇ ಅಹೋರಾತ್ರಿ ಆಟ ಆಗುತ್ತೆ, ಮೊದಲ ಸಲಕ್ಕೆ ಅದು ಒಳ್ಳೇದು, ಸೂರು ಇದೆ, ಕುರ್ಚಿ ಇದೆ. ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡಿ ಹೋಗಿ, ರಾತ್ರಿ ಊಟ ಹಗುರ ಇರ್ಲಿ, ಒಂದು ಶಾಲು, ನೀರು, ಪವರ್ ಬ್ಯಾಂಕ್ ಸಾಕು. ಯಾವ ಪ್ರಸಂಗ, ಅಂದ್ರೆ ಯಾವ ಕತೆ ಆಡ್ತಾರೆ ಅಂತ ಮೊದಲೇ ತಿಳ್ಕೊಂಡು ಕತೆ ಒಂದ್ಸಲ ಓದ್ಕೊಳ್ಳಿ, ಕತೆ ಗೊತ್ತಿದ್ರೆ ಅರ್ಥಗಾರಿಕೆಲಿ, ಅಂದ್ರೆ ವೇಷಧಾರಿಗಳು ಅಲ್ಲೇ ಕಟ್ಟಿ ಆಡೋ ಮಾತಲ್ಲಿ, ಕಲಾವಿದ ಎಲ್ಲಿ ತನ್ನದನ್ನ ಸೇರಿಸ್ತಿದಾನೆ ಅಂತ ಗೊತ್ತಾಗೋದು.

ಊರ ಕಡೆಯ ಬಯಲಾಟಕ್ಕೆ ಹೋಗೋದಾದ್ರೆ ನವೆಂಬರಿಂದ ಮೇ ಕೊನೆವರೆಗೆ, ಪತ್ತನಾಜೆ ಅನ್ನೋ ತುಳುನಾಡಿನ ದಿನದಂದು ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸೋ ತನಕ, ಮಂದಾರ್ತಿ ಕಟೀಲು ಮೇಳಗಳ ಹರಕೆ ಆಟ ದಿನಾ ಎಲ್ಲಾದ್ರೂ ಇರುತ್ತೆ. ಹರಕೆ ಹೊತ್ತ ಮನೆಯೋರು ಆಡಿಸೋ ಈ ಆಟಕ್ಕೆ ಟಿಕೆಟ್ಟೂ ಇಲ್ಲ, ಆಮಂತ್ರಣವೂ ಬೇಡ. ಆಟ ಆಡಿಸೋ ಮನೆಯೋರು ಬಂದೋರಿಗೆಲ್ಲ ಊಟ ಹಾಕ್ತಾರೆ, ಗುರುತಿಲ್ದವರ ಮನೇಲಿ ಹೆಂಗೆ ಊಟ ಮಾಡೋದು ಅಂತ ಸಂಕೋಚ ಪಟ್ಕೋಬೇಡಿ, ಅದು ದೇವರ ಸೇವೆಯ ಊಟ, ಕೂತು ಉಂಡ್ರೆ ಅವರಿಗೇ ಸಮಾಧಾನ. ಈಗ ಎಷ್ಟೋ ಆಟ ಕಾಲಮಿತಿಯವು, ಸಂಜೆ ಶುರುವಾಗಿ ಮಧ್ಯರಾತ್ರಿ ಹೊತ್ತಿಗೆ ಮುಗಿದುಬಿಡುತ್ತೆ, ಬೆಳಗಿನ ತನಕ ಅಂದ್ಕೊಂಡು ಹೋದ್ರೆ ರಾತ್ರಿ ಹನ್ನೆರಡೂವರೆಗೆ ಬಸ್ಸಿಲ್ಲದ ಊರಲ್ಲಿ ನಿಂತಿರ್ತೀರಿ, ಆದ್ದರಿಂದ ಇದನ್ನ ಮಾತ್ರ ಖಚಿತ ಮಾಡ್ಕೊಂಡೇ ಹೊರಡಿ. ಸ್ವಂತ ಗಾಡಿ ಇಲ್ದಿದ್ರೆ ಸಂಜೆ ಬಿಟ್ಟ ಆಟೋದವರ ಹತ್ರಾನೇ ವಾಪಸ್ಸಿಗೂ ಮಾತಾಡಿ ನಂಬರ್ ಇಸ್ಕೊಂಡಿರಿ. ಮೈದಾನದಲ್ಲಿ ಕೂರೋಕೆ ಒಂದು ಚಾಪೆ, ತಲೆಗೆ ಮಂಜು ಬೀಳ್ದಂಗೆ ಒಂದು ಬೈರಾಸು, ಅಂದ್ರೆ ಟವೆಲ್ಲು. ಹೆಂಗಸರು ಮಕ್ಕಳು ಕೂತಿರೋ ಮುಂದಿನ ಭಾಗದಲ್ಲಿ ಜಾಗ ಹಿಡೀರಿ. ನಡುವೆ ನಿದ್ದೆ ಬಂದ್ರೆ ಎದ್ದು ಚೌಕಿ, ಅಂದ್ರೆ ಬಣ್ಣ ಹಚ್ಕೊಳ್ಳೋ ಜಾಗದ ಕಡೆ ಹೋಗಿ ಬನ್ನಿ, ದೂರದಲ್ಲಿ ನಿಂತು ನೋಡೋಕೆ ಸಾಮಾನ್ಯವಾಗಿ ಯಾರೂ ಬೇಡ ಅನ್ನಲ್ಲ, ರಾಕ್ಷಸನಂಥ ಬಣ್ಣದ ವೇಷದವರು ಕನ್ನಡಿ ಮುಂದೆ ಕೂತು ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ (ಉಬ್ಬು ಚುಕ್ಕೆ) ಇಡೋದನ್ನ ಒಂದ್ಸಲ ನೋಡಿದ್ರೆ ನಿದ್ದೆ ತಾನಾಗೇ ಹಾರಿಹೋಗುತ್ತೆ. ಫೋಟೋ ತೆಗಿಯೋಕೆ ಮುಂಚೆ ಕೇಳಿ, ಫ್ಲ್ಯಾಶ್ ಬೇಡವೇ ಬೇಡ.

ರಾತ್ರಿ ವಾಪಸ್ ಬರೋ ವಿಷಯ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಹೆಣ್ಮಕ್ಕಳು ಹೋಗದೇ ಇರೋದಕ್ಕೆ ಇದೇ ನಿಜವಾದ ಕಾರಣ, ಅದನ್ನ ಧೈರ್ಯ ಮಾಡಿ ಅಂತ ಒಂದು ಮಾತಲ್ಲಿ ಹಾರಿಸಿಬಿಡೋದು ತಪ್ಪು. ಹೊರಡೋಕೆ ಮುಂಚೇನೇ ವಾಪಸ್ ದಾರಿ ನಿರ್ಧಾರ ಆಗಿರ್ಬೇಕು. ಕಡೇ ಮೆಟ್ರೋ ಎಷ್ಟೊತ್ತಿಗೆ, ಆ ಸ್ಟೇಷನ್ನಿಂದ ಮನೆಗೆ ಏನು ಸಿಗುತ್ತೆ, ಎರಡನ್ನೂ ನೋಡ್ಕೊಳ್ಳಿ. ನಾಟಕ ಮುಗೀತಿದ್ದಂಗೆ ಎಲ್ರೂ ಒಟ್ಟಿಗೆ ಕ್ಯಾಬ್ ಬುಕ್ ಮಾಡೋದ್ರಿಂದ ಆ ಹತ್ತು ನಿಮಿಷ ರೇಟೂ ಜಾಸ್ತಿ, ಸಿಗೋದೂ ಕಷ್ಟ, ಅದಕ್ಕೆ ಗೇಟಿನ ಒಳಗೆ ಬೆಳಕಿರೋ ಕಡೆ ಜನರ ಜೊತೆ ನಿಂತು ಬುಕ್ ಮಾಡಿ, ಗಾಡಿ ಬಂದ ಮೇಲೇ ರಸ್ತೆಗೆ ಬನ್ನಿ, ನಂಬರ್ ಪ್ಲೇಟ್ ತಾಳೆ ಆದ ಮೇಲೇ ಓಟಿಪಿ ಹೇಳಿ. ಮನೆಯಲ್ಲಿ ಒಬ್ರಿಗೆ ಲೈವ್ ಲೊಕೇಶನ್ ಕಳಿಸಿ, ತುರ್ತು ಆದ್ರೆ 112. ಅದೇ ಕಡೆ ಹೋಗೋ ಹೆಂಗಸರು ಸಿಕ್ರೆ "ನೀವು ಯಾವ ಕಡೆ ಮೇಡಂ, ಆಟೋ ಶೇರ್ ಮಾಡೋಣ್ವಾ" ಅಂತ ಕೇಳೋಕೆ ನಾಚ್ಕೋಬೇಡಿ, ನಾಟಕಕ್ಕೆ ಬಂದಿರೋರಲ್ಲಿ ನಿಮ್ಮಂತೆಯೇ ಒಬ್ರೇ ಬಂದಿರೋ ಹೆಣ್ಮಕ್ಕಳು ನೀವಂದ್ಕೊಂಡಿದ್ದಕ್ಕಿಂತ ಜಾಸ್ತಿ ಇರ್ತಾರೆ. ಪಕ್ಕದ ಸೀಟಿನವರ ವರ್ತನೆ ಸರಿ ಅನ್ನಿಸ್ಲಿಲ್ಲ ಅಂದ್ರೆ ದಾಕ್ಷಿಣ್ಯ ಬೇಡ, ಎದ್ದು ಬೇರೆ ಕಡೆ ಕೂರಿ ಇಲ್ಲಾ ಬಾಗಿಲ ಹತ್ರ ಇರೋ ಸ್ವಯಂಸೇವಕರಿಗೆ ಹೇಳಿ.

ಅಭ್ಯಾಸ ಆದ ಮೇಲೆ ಊರು ಬಿಟ್ಟು ಹೋಗಿ. ಮೈಸೂರಿನ ರಂಗಾಯಣ ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ್ದು, ಅಲ್ಲಿ ವಾರಾಂತ್ಯದ ನಾಟಕ ಇರುತ್ತೆ, ಸಂಜೆ ಬೇಗ ಶುರುವಾಗೋದ್ರಿಂದ ಮುಗಿಸ್ಕೊಂಡು ರಾತ್ರಿ ಬಸ್ಸಿಗೇ ಬೆಂಗಳೂರಿಗೆ ವಾಪಸ್ ಬರ್ಬಹುದು. ಬಹುರೂಪಿ ನಾಟಕೋತ್ಸವದ ಟೈಮಲ್ಲಂತೂ ಆವರಣ ಪೂರ್ತಿ ಜಾತ್ರೆ, ಪುಸ್ತಕದ ಮಳಿಗೆ, ತಿಂಡಿ, ಒಬ್ರೇ ಇಡೀ ದಿನ ಕಳೀಬಹುದು. ಸಾಗರದ ಹತ್ರದ ಹೆಗ್ಗೋಡು ಇನ್ನೊಂದು, ಕೆ.ವಿ. ಸುಬ್ಬಣ್ಣನವರ ನೀನಾಸಂ, 1949ರಿಂದ ಇರೋ ಸಂಸ್ಥೆ, ಒಂದು ಸಣ್ಣ ಹಳ್ಳಿಲಿ ಅಂಥಾ ರಂಗಮಂದಿರ ನೋಡಿದ್ರೇನೇ ಮನಸ್ಸು ತುಂಬುತ್ತೆ. ರೈಲಲ್ಲಿ ಸಾಗರಕ್ಕೆ ಹೋಗಿ ಅಲ್ಲೇ ರೂಮ್ ಮಾಡಿ, ರಾತ್ರಿ ಹೆಗ್ಗೋಡಿಂದ ಸಾಗರಕ್ಕೆ ಬರೋ ಗಾಡಿ ಮಾತ್ರ ಮೊದಲೇ ಗೊತ್ತು ಮಾಡ್ಕೊಳ್ಳಿ. ಅಲ್ಲಿಗೆ ಹೋಗೋಕಾಗ್ದೋರು ನೀನಾಸಂನವರ ತಿರುಗಾಟ ತಂಡ, ಊರೂರಿಗೆ ಹೋಗಿ ನಾಟಕ ಆಡೋ ತಂಡ, ನಿಮ್ಮೂರ ಕಡೆ ಬಂದಾಗ ಬಿಡ್ಬೇಡಿ. ಬಾದಾಮಿ ಬನಶಂಕರಿ ಜಾತ್ರೆಲಿ, ಬನದ ಹುಣ್ಣಿಮೆ ಹೊತ್ತಿಗೆ, ವೃತ್ತಿ ನಾಟಕ ಕಂಪನಿಗಳು ಸಾಲಾಗಿ ಟೆಂಟ್ ಹಾಕಿರ್ತವೆ, ಒಂದು ಬಿಟ್ಟು ಇನ್ನೊಂದಕ್ಕೆ ಹೋಗ್ಬಹುದು. ಜನಜಂಗುಳಿ ವಿಪರೀತ ಇರೋದ್ರಿಂದ ಅಲ್ಲಿಗೆ ಮಾತ್ರ ಲಾಡ್ಜ್ ಬುಕ್ ಮಾಡ್ದೇ ಒಬ್ರೇ ಹೋಗ್ಬೇಡಿ, ಪರ್ಸು ಫೋನು ಮುಂಜೇಬಲ್ಲಿಡಿ.

ಸ್ಟ್ಯಾಂಡಪ್ ಬಗ್ಗೆ ಎರಡು ಮಾತು. ಮೊದಲ ಸಾಲಲ್ಲಿ ಕೂತ್ರೆ ಮಾತಾಡ್ಸೇ ಮಾತಾಡಿಸ್ತಾರೆ, ಒಬ್ರೇ ಬಂದಿದೀರಾ ಅಂತಾನೇ ಶುರು ಮಾಡ್ತಾರೆ, ಅದು ಇಷ್ಟ ಇಲ್ದಿದ್ರೆ ಮೂರನೇ ಸಾಲಿಂದಾಚೆ ಕೂರಿ. ನಿಂತ್ಕೊಂಡು ನೋಡೋ ದೊಡ್ಡ ಮ್ಯೂಸಿಕ್ ಶೋಗಳಿಗಾದ್ರೆ ಬ್ಯಾಗ್ ತಗೊಂಡು ಹೋಗ್ಬೇಡಿ, ಸ್ಟೇಜಿಗೆ ಅಂಟ್ಕೊಂಡು ನಿಲ್ಲೋದರ ಬದಲು ಸೌಂಡ್ ಡೆಸ್ಕ್ ಆಸುಪಾಸು ನಿಲ್ಲಿ, ಅಲ್ಲಿ ಸೌಂಡ್ ಚೆನ್ನಾಗಿ ಕೇಳುತ್ತೆ, ಉಸಿರಾಡೋಕೂ ಜಾಗ ಇರುತ್ತೆ, ಸುಸ್ತಾದ್ರೆ ಹೊರಗೆ ಬರೋಕೂ ಸುಲಭ.

ಎಲ್ಲಿ ಏನು ನಡೀತಿದೆ ಅಂತ ತಿಳ್ಕೊಳ್ಳೋಕೆ ಬುಕ್‌ಮೈಶೋ ಒಂದನ್ನೇ ನಂಬ್ಕೋಬೇಡಿ, ಕನ್ನಡದ ಎಷ್ಟೋ ನಾಟಕ, ಕಚೇರಿ, ಆಟ ಅದರಲ್ಲಿ ಬರೋದೇ ಇಲ್ಲ. ಪೇಪರಿನ ನಗರದಲ್ಲಿ ಇಂದು ಕಾಲಂ, ತಂಡಗಳ ಫೇಸ್‌ಬುಕ್ ಇನ್‌ಸ್ಟಾ ಪೇಜ್, ರಂಗಮಂದಿರದ ಗೋಡೆ ಮೇಲಿನ ಪೋಸ್ಟರ್, ಇವೇ ಗತಿ. ನಾಟಕಕ್ಕೆ ಹೋದಾಗ ಬಾಗಿಲ ಹತ್ರ ಒಂದು ಪುಸ್ತಕ ಇಟ್ಟಿರ್ತಾರೆ, ಹೆಸರು ನಂಬರ್ ಬರೀರಿ ಅಂತ, ಹೆಣ್ಮಕ್ಕಳಿಗೆ ನಂಬರ್ ಕೊಡೋಕೆ ಇಷ್ಟ ಇಲ್ದಿದ್ರೆ ಇಮೇಲ್ ಬರೀಬಹುದು, ಮುಂದಿನ ಶೋ ಯಾವಾಗ ಅಂತ ಅವರೇ ಮೆಸೇಜ್ ಹಾಕ್ತಾರೆ.